ವೀಸಾಕ್ಕೆ ಮುಂಚಿನ ಟಿಕೆಟ್

ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟಿಕೊಡುವ ಆ ಹೆಂಗಸನ್ನು ಬೀದಿಯವರೆಲ್ಲ ಅಂಟಕ್ಕ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷದಿಂದ ಬೆರಳಿಗೆ ಮೆತ್ತಿದ ಅಂಟು ಹೆಸರಿಗೂ ಮೆತ್ತಿಕೊಂಡಿತ್ತು. ಹುಳ ತಿಂದದ್ದಿರಲಿ, ಹೊಲಿಗೆ ಬಿಚ್ಚಿದ್ದಿರಲಿ, ಅವಳ ಕೈಗೆ ಸಿಕ್ಕಿದ ಪುಸ್ತಕ ಮತ್ತೆ ಎದ್ದು ಕೂರುತ್ತಿತ್ತು. ಹಾಗೆ ಅವಳು ಉಳಿಸಿದ ಒಂದು ಭೂಪಟದ ಪುಸ್ತಕ ಅದು ಹೇಗೋ ಪರದೇಶದ ಗ್ರಂಥಾಲಯವೊಂದರ ಕಣ್ಣಿಗೆ ಬಿತ್ತು. ಅಲ್ಲಿಂದ ಕಾಗದ ಬಂತು. ನೆರೆಯಲ್ಲಿ ನೆಂದುಹೋದ ನಾಲ್ಕು ಸಾವಿರ ಪುಸ್ತಕಗಳಿವೆ, ಒಂದು ವರ್ಷ ಬಂದಿದ್ದು ಸರಿಮಾಡಿಕೊಡುತ್ತೀರಾ ಎಂದು ಕೇಳಿದ್ದರು.

ಐವತ್ತಮೂರನೇ ವಯಸ್ಸಿನಲ್ಲಿ ಇಂಥದೊಂದು ಬರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಬಸ್ ಕಂಡಕ್ಟರ್ ಆಗಿದ್ದ ಗಂಡ ಕಾಗದವನ್ನು ಎರಡು ಸಲ ಓದಿಸಿಕೊಂಡು, "ಹೋಗು. ನನಗೆ ಅನ್ನ ಬೇಯಿಸ್ಕೊಳ್ಳೋಕೆ ಬರತ್ತೆ," ಅಂದ. ಬರುತ್ತಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಒಂದು ವರ್ಷ ಇರಲು ಬೇರೆ ಬಗೆಯ ವೀಸಾ. ಹದಿನೆಂಟು ಕಾಗದ ಬೇಕು. ಹದಿನೇಳನ್ನು ಅಂಟಕ್ಕ ಎರಡು ವಾರದಲ್ಲಿ ಒಟ್ಟುಮಾಡಿ ಅಂಚಿಗೆ ಅಂಚು ಕೂಡಿಸಿ ಇಟ್ಟಳು. ಪಟ್ಟಿಯಲ್ಲಿ ಹದಿನೆಂಟನೆಯದರ ಎದುರು 'ಪ್ರಯಾಣದ ವಿವರ' ಎಂದಷ್ಟೇ ಇತ್ತು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಟಿಕೆಟ್ ಕೊಳ್ಳಬೇಕೋ, ಬರೀ ದಿನ ಹೇಳಿದರೆ ಸಾಕೋ?

ಮೈದುನ ಒಂದೇ ಒಂದು ಸಲ ವಿಮಾನ ಹತ್ತಿದ್ದ. ಆ ಪುಣ್ಯದಿಂದ ಮನೆಯಲ್ಲಿ ಆಕಾಶಕ್ಕೆ ಸಂಬಂಧಪಟ್ಟ ಎಲ್ಲ ವಿಷಯಕ್ಕೂ ಅವನೇ ದೊಡ್ಡಮನುಷ್ಯ.

"ಅತ್ತಿಗೆ, ಟಿಕೆಟ್ ಇಲ್ದೆ ಹೋದ್ರೆ ಬಾಗಿಲಿಂದಲೇ ವಾಪಸ್ ಕಳಿಸ್ತಾರೆ. ಬರೋ ಟಿಕೆಟ್ಟೂ ಇರ್ಬೇಕು. ಇಲ್ಲಾಂದ್ರೆ ಈ ಹೆಂಗಸು ಅಲ್ಲೇ ಠಿಕಾಣಿ ಹೂಡತ್ತೆ ಅಂತ ಅನುಮಾನ ಪಡ್ತಾರೆ."

"ವೀಸಾನೇ ಸಿಗತ್ತೋ ಇಲ್ವೋ. ಈಗ್ಲೇ ಟಿಕೆಟ್ ತಗೊಂಡ್ರೆ ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗಲ್ವೇನಪ್ಪ? ಅದೂ ಅಲ್ದೆ ವರ್ಷ ಕಳೆದು ಬರೋ ದಿನದ ಟಿಕೆಟ್ ಇನ್ನೂ ಮಾರೋಕೇ ಶುರುಮಾಡಿಲ್ವಂತೆ."

"ಅದೆಲ್ಲ ನಂಗೊತ್ತಿಲ್ಲ. ಬೇಕು ಅಂದ್ರೆ ಬೇಕು."

ಅವನೇ ಒಬ್ಬ ಏಜೆಂಟನ ಹತ್ತಿರ ಕರೆದುಕೊಂಡು ಹೋದ. ಏಜೆಂಟು ಕಥೆಯೆಲ್ಲ ಕೇಳಿ ನಕ್ಕ. "ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು, ಅಷ್ಟೇ ತಾನೇ?" ಎಂದವನೇ ಕಂಪ್ಯೂಟರಿನಲ್ಲಿ ಏನೇನೋ ಒತ್ತಿ ಒಂದು ಹಾಳೆ ತೆಗೆದುಕೊಟ್ಟ. ಅವಳ ಹೆಸರು, ಹೋಗುವ ದಿನ, ಬರುವ ದಿನ, ಒಂದು ಉದ್ದನೆಯ ಬುಕಿಂಗ್ ನಂಬರು, ಎಲ್ಲ ಇತ್ತು.

ಅಂಟಕ್ಕನಿಗೆ ಯಾಕೋ ಮನಸ್ಸು ಒಪ್ಪಲಿಲ್ಲ. ಮನೆಗೆ ಬಂದು ವಿಮಾನ ಕಂಪನಿಗೇ ಫೋನ್ ಮಾಡಿ ನಂಬರು ಓದಿದಳು. ಅಂಥ ಬುಕಿಂಗೇ ಇಲ್ಲ ಅಂದರು.

"ಇದು ಬೇಡ," ಎಂದು ಗಂಡನಿಗೆ ಹೇಳಿ, ಹಾಳೆಯನ್ನು ಮುದುರಿ ರದ್ದಿ ಡಬ್ಬಿಗೆ ಹಾಕಿದಳು. "ಹದಿನೇಳು ಕಾಗದ ತಗೊಂಡು ಹೋಗ್ತೀನಿ. ಕೊಟ್ರೆ ಕೊಟ್ರು, ಬಿಟ್ರೆ ಬಿಟ್ರು."

ಗಂಡ ಹೂಂ ಅಂದ.

ಸಂದರ್ಶನದ ಬೆಳಿಗ್ಗೆ ವೀಸಾ ಕಚೇರಿಯಲ್ಲಿ ಅರ್ಜಿದಾರರನ್ನು ಮಾತ್ರ ಒಳಗೆ ಬಿಟ್ಟರು. ಗಂಡ ಎದುರು ಬದಿಯ ಕಲ್ಲುಬೆಂಚಿನ ಮೇಲೆ ಕೂತ. ಒಳಗೆ ಸಾಲು ಕುರ್ಚಿ, ಗಾಜಿನ ಕಿಟಕಿಗಳು, ಎಲ್ಲೋ ಠಪ್ ಠಪ್ ಎಂದು ಮುದ್ರೆ ಬೀಳುವ ಸದ್ದು. ನಾಲ್ಕನೇ ಕಿಟಕಿಯಲ್ಲಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಒಬ್ಬ ಅಧಿಕಾರಿಣಿ. ಒಂದೊಂದೇ ಕಾಗದ ನೋಡಿ ಪಕ್ಕಕ್ಕೆ ಮಗುಚುತ್ತಿದ್ದಳು. ಹದಿನೈದು, ಹದಿನಾರು, ಹದಿನೇಳು. ಅಂಟಕ್ಕ ಇನ್ನೇನು ಉಸಿರು ಬಿಡಬೇಕು, ಆಗ ಆ ಕೈ ಇನ್ನೊಂದು ಹಾಳೆ ಎತ್ತಿತು.

ಏಜೆಂಟನ ಟಿಕೆಟ್! ಮುದುರಿ ಎಸೆದಾಗ ಬಿದ್ದ ಮಡಿಕೆಗಳನ್ನು ಯಾರೋ ಚೆನ್ನಾಗಿ ತೀಡಿ ನೇರ ಮಾಡಿದ್ದರು.

ಅಧಿಕಾರಿಣಿ ಕಂಪ್ಯೂಟರಿನ ಕಡೆ ತಿರುಗಿ ನಂಬರು ಒತ್ತಲು ಬೆರಳು ಎತ್ತಿದಳು.

"ಮೇಡಂ, ಒಂದ್ನಿಮಿಷ," ಅಂಟಕ್ಕನ ದನಿ ಅವಳಿಗೇ ಗುರುತು ಸಿಗಲಿಲ್ಲ. "ಅದು ನಿಜವಾದ ಟಿಕೆಟ್ ಅಲ್ಲ. ನಾನೇ ಫೋನ್ ಮಾಡಿ ಕೇಳಿದೀನಿ, ಅಂಥ ಬುಕಿಂಗ್ ಇಲ್ಲ. ಅದನ್ನ ಎಸೆದಿದ್ದೆ. ಇಲ್ಲಿಗೆ ಹೇಗೆ ಬಂತೋ... ಊಹಿಸ್ಬಲ್ಲೆ. ತಪ್ಪಾಯ್ತು. ನನ್ನ ಹತ್ರ ಟಿಕೆಟ್ ಇಲ್ಲ."

ಅಧಿಕಾರಿಣಿ ಕನ್ನಡಕದ ಮೇಲಿಂದ ಅವಳನ್ನೇ ನೋಡಿದಳು. ಪಕ್ಕದ ಕಿಟಕಿಯಲ್ಲಿ ಎರಡು ಸಲ ಮುದ್ರೆ ಬಿತ್ತು.

"ಟಿಕೆಟ್ ತನ್ನಿ ಅಂತ ನಿಮಗೆ ಯಾರು ಹೇಳಿದ್ರು?"

"ನಮ್ಮ ಮೈದುನ."

"ಮೈದುನ ಹೋಗಿದ್ದು ಹತ್ತು ದಿನದ ಪ್ರವಾಸಕ್ಕೆ ಇರ್ಬೇಕು. ಅವರ ಹತ್ರ ಹೋಗಿಬರೋ ಟಿಕೆಟ್ ಕೇಳ್ತೀವಿ. ವರ್ಷಗಟ್ಟಲೆ ಇರೋರ ಹತ್ರ ಕೇಳಲ್ಲಮ್ಮ. ವೀಸಾ ಯಾವ ದಿನದಿಂದ ಶುರು ಅಂತ ನಾವು ಹೇಳಿದ್ಮೇಲೆ ತಾನೇ ನೀವು ಟಿಕೆಟ್ ತಗೊಳ್ಳೋದು? ಯಾವ ವಾರ ಹೊರಡ್ಬೇಕು ಅಂತಿದ್ದೀರಿ, ಒಂದು ಸಾಲು ಬರ್ಕೊಡಿ. ಅದೇ ಪ್ರಯಾಣದ ವಿವರ." ಆಮೇಲೆ ಆ ಹಾಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ಕಿಟಕಿಯಡಿಯಿಂದ ಹೊರಗೆ ತಳ್ಳಿದಳು. "ಇದನ್ನ ನೀವಿನ್ನೂ ಕೊಟ್ಟಿಲ್ಲ ಅಂತ ಇಟ್ಕೊಳ್ಳೋಣ. ನಾನು ನಂಬರ್ ಹಾಕಿ ನೋಡಿದ್ಮೇಲೆ ಬಾಯಿ ಬಿಟ್ಟಿದ್ರೆ ಕಥೆ ಬೇರೆ ಆಗ್ತಿತ್ತು."

ಅಂಟಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ಹೊರಡುವ ವಾರವನ್ನು ಒಂದು ಸಾಲಿನಲ್ಲಿ ಬರೆದುಕೊಟ್ಟಳು.

ಹೊರಗೆ ಗಂಡ ಬೆಂಚಿನಿಂದ ಎದ್ದು ನಿಂತ. ಅವಳ ಕೈಯಲ್ಲಿ ಆ ಹಾಳೆ ಕಂಡದ್ದೇ ತಡ, ಅವನ ಮುಖ ಚಿಕ್ಕದಾಯಿತು.

"ನೀವೇ ತಾನೇ?"

"ಹೂಂ."

"ಯಾಕ್ರೀ? ಬೇಡ ಅಂದಿರ್ಲಿಲ್ವಾ ನಾನು?"

ಅವನು ನೆಲ ನೋಡುತ್ತ ಹೇಳಿದ, "ಇಪ್ಪತ್ತೆಂಟು ವರ್ಷದಿಂದ ಟಿಕೆಟ್ ಇಲ್ದೋರನ್ನ ಬಸ್ಸಿಂದ ಇಳಿಸ್ತಾ ಇದೀನಿ ಕಣೇ. ನಡುದಾರಿಯಲ್ಲಿ ಇಳಿದು ನಿಂತೋರ ಮುಖ ಹೇಗಿರತ್ತೆ ಅಂತ ನಂಗೊತ್ತು. ನಿನ್ನನ್ನ ಯಾರಾದ್ರೂ ಹಾಗೆ ಇಳಿಸಿಬಿಟ್ರೆ ಅಂತ..."

ಬೈಯಲು ಇಡೀ ಮೆಟ್ಟಿಲಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಅವಳಿಗೆ ಒಂದೂ ನೆನಪಿಗೆ ಬರಲಿಲ್ಲ. "ಬೇಡ್ವಂತೆ," ಅಂದಳು. "ಟಿಕೆಟ್ಟೇ ಬೇಡ್ವಂತೆ ಕಣ್ರೀ!" ಅಂದು ಬೀದಿಯಲ್ಲೇ ನಗತೊಡಗಿದಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನೂ ನಕ್ಕ.

ಇಪ್ಪತ್ತಮೂರು ದಿನಕ್ಕೆ ಪಾಸ್‌ಪೋರ್ಟ್ ಬಂತು, ಒಳಗೆ ವರ್ಷದ ವೀಸಾ. ಮಾರನೆಯ ದಿನ ಗಂಡ ರಜೆ ಹಾಕಿದ. ಇಬ್ಬರೂ ವಿಮಾನ ಕಂಪನಿಯ ಕಚೇರಿಗೇ ಹೋಗಿ, ಹೋಗುವ ಟಿಕೆಟ್ ಒಂದನ್ನೇ ತೆಗೆದುಕೊಂಡರು. ಬರುವುದನ್ನು ಆಮೇಲೆ ನೋಡಿಕೊಂಡರಾಯಿತು ಎಂದರು.

ವಾಪಸಾಗುವಾಗ ಬಸ್ಸಿನಲ್ಲಿ ಎರಡು ಸೀಟು ಸಿಕ್ಕಿತು. ಎಷ್ಟೋ ವಾರಗಳಿಂದ ಸರಿಯಾಗಿ ನಿದ್ದೆ ಕಾಣದ ಅಂಟಕ್ಕ ಮೂರನೇ ನಿಲ್ದಾಣ ದಾಟುವುದರೊಳಗೆ ಗಂಡನ ಭುಜಕ್ಕೆ ಒರಗಿ ಗೊರಕೆ ಹೊಡೆಯತೊಡಗಿದಳು. ಅವರ ನಿಲ್ದಾಣ ಬಂತು. ಅವಳನ್ನು ಎಬ್ಬಿಸಲು ಅವನಿಗೆ ಮನಸ್ಸಾಗಲಿಲ್ಲ. ಕಂಡಕ್ಟರಿಗೆ ಸನ್ನೆ ಮಾಡಿ ಕೊನೇ ನಿಲ್ದಾಣದವರೆಗೆ ಇನ್ನೆರಡು ಟಿಕೆಟ್ ತೆಗೆದುಕೊಂಡು, ಅಲುಗಾಡದೆ ಕೂತ.