ಮೂರನೇ ಬುಷ್ಷಿಗೆ ಬಾರದ ಎಣ್ಣೆ

ಚಕ್ರಪಾಣಿಯವರು ತಮ್ಮ ತಂದೆಯ ಕಾಲದ ಕಾರಿನ ಇಂಜಿನ್ನನ್ನು ಬಸವನಗುಡಿಯಿಂದ ಟೆಂಪೋದಲ್ಲಿ ಹೇರಿಕೊಂಡು ಚಾಮರಾಜಪೇಟೆಯ ಗ್ಯಾರೇಜಿಗೆ ತಂದಾಗ, ಅದರ ಮಾಲೀಕ ದೊಡ್ಡಬೈರಪ್ಪನಿಗೆ ಅವರ ಗುರುತು ಹತ್ತಲು ಅರೆಗಳಿಗೆಯೂ ಬೇಕಾಗಲಿಲ್ಲ. ಅವರಿಗೆ ಮಾತ್ರ ಇವನ ಗುರುತೇ ಸಿಗಲಿಲ್ಲ. ಅದೇ ಬೈರಪ್ಪನ ಹೊಟ್ಟೆಗೆ ಇನ್ನಷ್ಟು ಬೆಂಕಿ ಹಾಕಿತು. ಅನ್ನ ಕಿತ್ತುಕೊಂಡವರು ಮುಖವನ್ನಾದರೂ ನೆನಪಿಟ್ಟುಕೊಳ್ಳಬಾರದೆ?

ಎಪ್ಪತ್ತೊಂದನೇ ಇಸವಿಯ ಮಾತು. ಲಾರಿ ಕಂಪನಿಯೊಂದರ ವರ್ಕ್‌ಶಾಪಿನಲ್ಲಿ ಚಕ್ರಪಾಣಿಯವರು ಇಂಜಿನಿಯರು, ಮಾಗಡಿ ಕಡೆಯಿಂದ ಬಂದ ಬೈರಪ್ಪ ಮೆಕ್ಯಾನಿಕ್ಕು. ಇಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟು ಬುಷ್ಷು ಅನ್ನುವ ಲೋಹದ ಬಳೆಗಳ ಒಳಗೆ ತಿರುಗುತ್ತದೆ. ಪ್ರತಿ ಬುಷ್ಷಿಗೂ ಒಂದು ತೂತು. ಅದು ಬ್ಲಾಕಿನಲ್ಲಿರುವ ಎಣ್ಣೆಯ ತೂತಿಗೆ ಸರಿಯಾಗಿ ಕೂರಬೇಕು. ಕಾಲುವೆಗೆ ಒಂದು ಹಿಡಿ ಮಣ್ಣು ಅಡ್ಡ ಬಿದ್ದರೆ ಕೆಳಗಿನ ಗದ್ದೆ ಒಣಗುವ ಹಾಗೆ, ತೂತು ತಪ್ಪಿದರೆ ಶಾಫ್ಟು ಒಣಗಿ ಕಚ್ಚಿಕೊಳ್ಳುತ್ತದೆ. ಅವತ್ತು ಅವಸರದಲ್ಲಿ ಚಕ್ರಪಾಣಿಯವರೇ ಸುತ್ತಿಗೆ ತಗೊಂಡು ಬುಷ್ ಹೊಡೆದು ಕೂರಿಸಿದರು. "ಎಣ್ಣೆ ಬಿಟ್ಟು ನೋಡೋಣ ಸಾರ್" ಅಂತ ಬೈರಪ್ಪ ಅಂದರೆ, "ಟೈಮಿಲ್ಲಯ್ಯಾ" ಅಂದರು. ಲಾರಿ ತುಮಕೂರು ಮುಟ್ಟಲಿಲ್ಲ. ಅವರು ಬರೆದ ವರದಿಯಲ್ಲಿ ಬೈರಪ್ಪನ ಹೆಸರು ಬಿತ್ತು, ಕೆಲಸ ಹೋಯಿತು. ಅದೇ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ ಮಹಾನಂದ ತಮಾಷೆಗೆ 'ತೂತು ಬೈರಪ್ಪ' ಅಂತ ಕರೆದ. ಆ ಹೆಸರು ಕಲಾಸಿಪಾಳ್ಯದ ಗ್ಯಾರೇಜುಗಳಿಗೆಲ್ಲ ಹಬ್ಬಿ, ಇಪ್ಪತ್ತೇಳು ವರ್ಷವಾದರೂ ಅಳಿಸಿರಲಿಲ್ಲ.

ಈಗ ಮಹಾನಂದನ ಲೇತ್ ಬೈರಪ್ಪನ ಶೆಡ್ಡಿನ ಪಕ್ಕದಲ್ಲೇ ಇತ್ತು.

ಚಕ್ರಪಾಣಿಯವರು ದಿನಾ ಬಂದು ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. "ಮುಂದಿನ ತಿಂಗಳು ಹಳೇ ಕಾರುಗಳ ರ್‍ಯಾಲಿ. ಹುಷಾರಾಗಿ ಮಾಡಪ್ಪಾ. ನಾನೂ ಇಂಜಿನಿಯರೇ, ನನ್ನ ಕಣ್ಣು ತಪ್ಪಿಸೋಕಾಗಲ್ಲ."

"ಹಂಗಾದ್ರೆ ಕ್ಯಾಮ್ ಬುಷ್ ನೀವೇ ಕೂರಿಸಿಬಿಡಿ ಸಾರ್," ಅಂದ ಬೈರಪ್ಪ ಒಂದು ದಿನ. "ನಿಮ್ಮ ತಂದೆಯವರ ಕಾರು. ನಿಮ್ಮ ಕೈ ಬೀಳ್ಲಿ."

ಅವರಿಗೆ ಖುಷಿಯಾಯಿತು. ಅಂಗಿಯ ತೋಳು ಮಡಿಸಿದರು. ಇಂಗ್ಲೆಂಡಿನಿಂದ ತರಿಸಿದ ಮೂರು ಬುಷ್ಷುಗಳಲ್ಲಿ ಮೊದಲನೆಯದನ್ನೂ ಎರಡನೆಯದನ್ನೂ ತೂತು ಮೇಲೆ ಬರುವಂತೆ ಹೊಡೆದರು. ಸರಿಯಾಗಿಯೇ ಕೂತವು. ಹಿಂಬದಿಯ ಮೂರನೆಯದಕ್ಕೆ ಮಾತ್ರ ಈ ಇಂಜಿನ್ನಿನಲ್ಲಿ ಎಣ್ಣೆ ಮಗ್ಗುಲಿನಿಂದ ಬರುತ್ತಿತ್ತು. ಲಾರಿ ಇಂಜಿನ್ನಿನ ರೂಢಿ ಅವರದು. ಅದನ್ನೂ ಮೇಲ್ಮುಖವಾಗಿಯೇ ಹಿಡಿದರು. ಬೈರಪ್ಪನ ನಾಲಿಗೆ ತುದಿಯವರೆಗೆ ಮಾತು ಬಂತು. ಬಾಯಲ್ಲಿದ್ದ ಎಲೆಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ತಳ್ಳಿ ಸುಮ್ಮನಾದ. ಕೆಲಸಗಾರ ಅನ್ನಿಸಿಕೊಂಡವನು ಹಾಗೆ ಸುಮ್ಮನಿರಬಾರದು. ಅವನಿಗೂ ಅದು ಗೊತ್ತಿತ್ತು. ಸುತ್ತಿಗೆ ನಾಲ್ಕು ಸಲ ಬಿತ್ತು.

ಬೈರಪ್ಪ ಎಣ್ಣೆ ಕ್ಯಾನು ತಂದು ಬ್ಲಾಕಿನ ಎಣ್ಣೆದಾರಿಗೆ ನಿಧಾನವಾಗಿ ಹೊಯ್ದ. ಮೊದಲ ಬುಷ್ಷಿನಿಂದ ತೊಟ್ಟಿಕ್ಕಿತು. ಎರಡನೆಯದರಿಂದಲೂ ಬಂತು. ಮೂರನೆಯದು ಒಣಗಿಯೇ ಇತ್ತು.

"ಎಣ್ಣೆ ಗಟ್ಟಿ ಇರತ್ತೆ, ಸ್ವಲ್ಪ ತಾಳು."

"ತಾಳೋಣ ಸಾರ್. ಸಂಜೆವರೆಗೂ ತಾಳೋಣ. ಆ ತುಮಕೂರು ಲಾರಿಗೆ ಮಾತ್ರ ನಿಮ್ಹತ್ರ ಟೈಮಿರ್ಲಿಲ್ಲ."

ಚಕ್ರಪಾಣಿಯವರು ಕನ್ನಡಕ ಸರಿಮಾಡಿಕೊಂಡು ಮೊದಲ ಸಲ ಅವನ ಮುಖವನ್ನು ನೋಡಿದರು. ಪಕ್ಕದಲ್ಲಿ ಲೇತಿನ ಸದ್ದು ನಿಂತಿತು, ಮಹಾನಂದ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ.

"ಬೈರಪ್ಪ... ನೀನಾ? ತಪ್ಪು ಹೊಡೀತಿರೋದು ನೋಡ್ತಾನೇ ಇದ್ಯಲ್ಲ, ಬಾಯಿ ಯಾಕಯ್ಯಾ ಬಿಡ್ಲಿಲ್ಲ?"

"ಅವತ್ತು ಬಿಟ್ಟಿದ್ದೆ ಸಾರ್. ಏನ್ ಸಿಕ್ತು?"

ಅವರು ಬುಷ್ಷಿಗೆ ಬೆರಳಿಟ್ಟು ನೋಡಿದರು. ಹೊರಗೆ ತೆಗೆದರೆ ಹಾಳಾಗುತ್ತದೆ. ಇನ್ನೊಂದು ಬರಬೇಕಾದರೆ ಮೂರು ತಿಂಗಳು. ರ್‍ಯಾಲಿ ಕೈತಪ್ಪುತ್ತದೆ.

"ಮಹಾನಂದ ಗನ್‌ಮೆಟಲ್ಲಲ್ಲಿ ಹೊಸ ಬುಷ್ ಕಡೆದ್ಕೊಡ್ತಾನೆ, ಒಂದು ದಿನದ ಕೆಲ್ಸ," ಅಂದ ಬೈರಪ್ಪ. "ಅದಕ್ಕೆ ಮುಂಚೆ ಆ ಲಾರಿ ಬುಷ್ ಹೊಡ್ದಿದ್ದು ಯಾರು ಅಂತ ಅವನಿಗೊಂದು ಮಾತು ಹೇಳಿ."

ಚಕ್ರಪಾಣಿಯವರು ನೆಲ ನೋಡುತ್ತ ಏನೋ ಗೊಣಗಿದರು.

"ಗಟ್ಟಿಯಾಗಿ ಹೇಳಿ ಸಾರ್. ಅವನಿಗೆ ಕಿವಿ ಮಂದ."

"ನಾನೇ ಕಣಪ್ಪಾ ಹೊಡೆದದ್ದು. ಇವನು ಎಣ್ಣೆ ಬಿಟ್ಟು ನೋಡೋಣ ಅಂದಿದ್ದ."

ಮಹಾನಂದ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ ನಿಂತ. "ಅಯ್ಯೋ ಬೈರಣ್ಣಾ, ಇಷ್ಟು ವರ್ಷ ನಾನು ನಿನ್ನ..."

"ಸುಮ್ನಿರಪ್ಪಾ. ನಿನ್ನ ವಿಚಾರ ಆಮೇಲೆ ನೋಡ್ಕೊಳ್ತೀನಿ."

ಚಕ್ರಪಾಣಿಯವರು ನಿಟ್ಟುಸಿರು ಬಿಟ್ಟರು. "ಸರಿ, ಆಯ್ತಲ್ಲ? ಇನ್ನು ಶುರು ಮಾಡು, ಬೈರಪ್ಪಾ."

"ಅವನು ಕಡೆದ್ಕೊಡ್ತಾನೆ ಅಂದೆ. ನಾನು ಇಂಜಿನ್ ಕಟ್ಟಿಕೊಡ್ತೀನಿ ಅಂತ ಹೇಳ್ಲಿಲ್ಲ. ಟೆಂಪೋ ತರ್ಸಿ ಸಾರ್."

ಅವರು ರಸ್ತೆಗೆ ಹೋಗಿ ಕೈ ಅಡ್ಡ ಹಾಕಿದರು. ಎರಡು ಟೆಂಪೋ ನಿಲ್ಲದೆ ಹೋದವು. ಬೈರಪ್ಪ ಅದನ್ನು ಕಣ್ತುಂಬ ನೋಡಿದ. ಇಪ್ಪತ್ತೇಳು ವರ್ಷಕ್ಕೆ ಇದು ಸಾಲದು ಅನ್ನಿಸಿತು. ಮೂರನೆಯದೂ ನಿಲ್ಲದೆ ಹೋಗಲಿ ಅಂತ ಕಾಯುತ್ತ ಬಾಗಿಲಲ್ಲೇ ನಿಂತ.