ನೀರಂಚಿನ ಗೂಟ

“ಮೂಗು ಮುಚ್ಕೋತೀಯೇನೇ? ನಾನು ಮುಚ್ಕೋಬೇಕು. ನಿಂದು ಈ ಹೇಲಲ್ಲೇ ಹುಟ್ಟಿದ ಜಾತಿ. ಇಳಿ!”

ಪಟ್ಟಾಭಿರಾಮ ಸಾಹೇಬರು ಕರವಸ್ತ್ರದೊಳಗಿಂದಲೇ ಕೂಗಿದರು. ನನ್ನ ಚಿಗವ್ವ ಶಾಂತಾ ಸೀರೆ ಎತ್ತಿ ಕಟ್ಟಿ ಕೆರೆಗೆ ಇಳಿದಳು. ಬೋಪಾಲ್ ಬಡಾವಣೆಯ ಅಪಾರ್ಟ್‌ಮೆಂಟುಗಳ ಕಕ್ಕಸು ನೀರು ಬಂದು ಬೀಳುವುದು ಅಲ್ಲೇ. ಮೇಲೆಲ್ಲ ಹಸಿರು ಕೆನೆ. ಅವಳು ಕಾಲಿಟ್ಟಲ್ಲಿ ಗುಳ್ಳೆಯೊಡೆದು ನಾತ ಎದ್ದಿತು.

ದಡ ಎಷ್ಟು ಕುಸಿದಿದೆ ಎಂದು ಅಳೆಯುವುದು ಸಾಹೇಬರ ಕೆಲಸ. ಟೇಪು ಹಿಡಿಯುವುದು ನನ್ನದು. ಗುತ್ತಿಗೆಯ ನೌಕರಿ, ಯಾವತ್ತು ಬೇಕಾದರೂ ಬಿಡಿಸಬಹುದು. ಗೂಟ ನೆಡುವುದು ಚಿಗವ್ವನದು. ಹಿಂದೆ ನೆಟ್ಟ ಗೂಟದಿಂದ ಈಗಿನ ದಡಕ್ಕೆ ಎಷ್ಟು ದೂರವೋ ಅಷ್ಟು ಕುಸಿತ. ಯಾದಗಿರಿಯಿಂದ ಮಣ್ಣು ಕೆಲಸಕ್ಕೆ ಬಂದ ನಮ್ಮವರ ಗುಡಿಸಲುಗಳಿರುವುದು ಇದೇ ದಡದ ಮೇಲೆ. ಬಿಲ್ಡರನ ಯಂತ್ರ ಕೆರೆಯ ಮಣ್ಣು ಬಗೆದಷ್ಟೂ ದಡ ಜಾರುತ್ತಿದೆ. ಜೊಂಡು ಬೇರುಸಮೇತ ಕಿತ್ತು ತೇಲುತ್ತಿದೆ. ಅದರಲ್ಲಿ ಮೊಟ್ಟೆಯಿಡುತ್ತಿದ್ದ ನೀರುಕೋಳಿಗಳು ಈಗಿಲ್ಲ. ಮಳೆಗಾಲದಲ್ಲಿ ಚಿಗವ್ವನ ಗುಡಿಸಲೂ ಹೋಯಿತು. ದಡ ಕುಸಿದಿದೆ ಎಂದು ವರದಿಯಾದರೆ ಯಂತ್ರ ನಿಲ್ಲುತ್ತದೆ. ಇಲ್ಲವಾದರೆ ಉಳಿದ ಗುಡಿಸಲುಗಳೂ ನೀರಿಗೆ.

“ಹಳೇ ಗೂಟ ಕಿತ್ತು ಇಲ್ಲಿ ನೆಡು, ನೀರಿನ ಅಂಚಿಗೆ.”

“ಹೋದ ಸಲಾನೂ ಹಿಂಗೇ ಮಾಡಿಸಿದ್ರಿ. ಗೂಟಾನೂ ದಡದ ಜೋಡಿ ಹಿಂದ ಸರಕೋತ ಬಂದ್ರ, ಕುಸದದ್ದು ಹ್ಯಾಂಗ ಕಾಣಸ್ತದರಿ?”

“ನಿನ್ನ ಕೇಳಿದ್ನೇನೇ, ಮುಂಡೆ?” ನನ್ನತ್ತ ತಿರುಗಿದಾಗ ಅವರ ದನಿ ಮೆತ್ತಗಾಯಿತು. “ಹೇಮಲತಾ, ನೀನು ಓದಿರೋಳು. ನಿನ್ನ ನೋಡಿದ್ರೆ ಇವರ ಪೈಕಿ ಅಂತ ಯಾರಾದ್ರೂ ಅಂತಾರಾ? ಕುಸಿತ ಸೊನ್ನೆ ಅಂತ ಬರ್ಕೋ.”

ಅಭ್ಯಾಸಬಲದಿಂದ ತಲೆಯಾಡಿಸಿದೆ.

ಚಿಗವ್ವ ಗೂಟ ಕಿತ್ತು ಹೆಗಲ ಮೇಲಿಟ್ಟಳು. ದಡಕ್ಕೆ ಬರಲಿಲ್ಲ, ಬೆನ್ನು ತಿರುಗಿಸಿ ಒಳಕ್ಕೆ ನಡೆದಳು. ಸೊಂಟ, ಎದೆ, ಗದ್ದ. ಕೆನೆ ತುಟಿಗೆ ತಾಗಿದಾಗ ಥೂ ಎಂದು ಉಗುಳಿದಳು.

“ಏ, ಎಲ್ಲಿಗೇ?”

“ನನ್ನ ಒಲಿ ಇದ್ದ ಜಾಗಕ್ಕರಿ! ಮೊದಲನೇ ಗೂಟ ನೀವು ಹೊಡಿಸಿದ್ದೂ ಇಲ್ಲೇ, ಒಲಿ ಮಗ್ಗಲಕ. ಬರ್ರಿ, ನೀವೂ ಒಂದ್ ಗುಟುಕು ಕುಡೀರಿ! ನಿಮ್ಮ ಬಾಯಾಗ ಮಣ್ಣ ಬೀಳ್ಲಿ. ಹೇಮಾ, ಟೇಪ್ ತಗೊಂಡು ಬಾರs!”

“ಹೋದ್ರೆ ನಾಳೆಯಿಂದ ಬರ್ಬೇಡ,” ಎಂದರು ಸಾಹೇಬರು ನನಗೆ.

ಟೇಪಿನ ಡಬ್ಬಿ ಅವರ ಕೈಯಲ್ಲಿತ್ತು, ತುದಿ ನನ್ನ ಕೈಯಲ್ಲಿ. ಇಳಿದೆ. ಬೆಚ್ಚಗಿನ ಹೊಲಸು ಚೂಡಿದಾರದೊಳಗೆ ಏರಿತು. ಕಾಲಡಿ ಏನೋ ಮೆತ್ತಗೆ ಜಾರಿತು. ವಾಂತಿಯಾಯಿತು, ತುದಿ ಬಿಡಲಿಲ್ಲ. ಹಿಂದೆ, ಅವರ ಮುಷ್ಟಿಯೊಳಗೆ, ಟೇಪು ಕರಕರ ಬಿಚ್ಚಿಕೊಳ್ಳುತ್ತಲೇ ಇತ್ತು.