ಫ್ಯಾನಿಲ್ಲದ ಕಾರ್ಡು

ನಮ್ಮ ಮನೆಯ ಕಂಪ್ಯೂಟರಿಗೆ ಅಜ್ಜಿ ‘ಗೊರಕೆರಾಯ’ ಎಂದು ಹೆಸರಿಟ್ಟಿದ್ದಳು. ಲೋಕದಲ್ಲಿ ಉಳಿದವರೆಲ್ಲ ಮಲಗಿದ ಮೇಲೆ ಗೊರಕೆ ಹೊಡೆದರೆ ಇವನು ಎದ್ದ ಮೇಲೆ ಹೊಡೆಯುತ್ತಾನೆ ಎನ್ನುವುದು ಅವಳ ದೂರು. ಬೆಳಿಗ್ಗೆ ಒಂಬತ್ತಕ್ಕೆ ನಾನು ಗುಂಡಿ ಒತ್ತಿದರೆ ಸಂಜೆ ಅಮ್ಮ ಅಂಚೆ ಕಚೇರಿಯಿಂದ ಬರುವವರೆಗೂ ಗುಂಯ್ ಎನ್ನುವ ಆ ಸದ್ದು ಮನೆ ತುಂಬ ಇರುತ್ತಿತ್ತು.

ಅದಕ್ಕೆ ಕಾರಣ ನನ್ನ ಕೆಲಸ. ನಾನು ಹಲ್ಲು ಮಾಡುತ್ತೇನೆ. ಲ್ಯಾಬಿನವರು ಯಾರದೋ ದವಡೆಯ ಸ್ಕ್ಯಾನ್ ಕಳಿಸುತ್ತಾರೆ. ಅದನ್ನು ಪರದೆಯ ಮೇಲೆ ಹಿಂದೆ ಮುಂದೆ ತಿರುಗಿಸಿ ನೋಡಿ, ಮುರಿದ ಹಲ್ಲಿನ ಮೇಲೆ ಕೂರುವ ಟೋಪಿಯನ್ನು ಕೆತ್ತಿ ವಾಪಸು ಕಳಿಸಬೇಕು. ದವಡೆ ತಿರುಗಿದಷ್ಟು ಹೊತ್ತೂ ಪರದೆಗೆ ಚಿತ್ರ ಮೂಡಿಸುವ ಒಳಗಿನ ಗ್ರಾಫಿಕ್ಸ್ ಕಾರ್ಡು ಬಿಸಿಯಾಗುತ್ತದೆ, ಅದು ಕಾದಷ್ಟೂ ಅದರ ಎರಡು ಫ್ಯಾನುಗಳು ಕೂಗುತ್ತವೆ.

"ಊರಿಗೆಲ್ಲ ಹಲ್ಲು ಹಂಚ್ತೀಯ. ಹೆತ್ತಪ್ಪನ್ನ ಹೆತ್ತೋಳ ಬೊಚ್ಚುಬಾಯಿ ಮಾತ್ರ ಕಣ್ಣಿಗೆ ಬೀಳಲ್ಲ," ಎನ್ನುತ್ತಿದ್ದಳು ಅಜ್ಜಿ.

"ನಿಂಗೆ ಹಲ್ಲು ಬಂದ್ರೆ ನಮ್ಮನ್ನ ಕಚ್ತೀಯಲ್ಲಜ್ಜಿ."

"ಹಲ್ಲಿಲ್ದೇನೇ ಕಚ್ತಾ ಇದ್ದೀನಲ್ಲೇ, ಇನ್ನೇನು!"

ಅಜ್ಜಿಗೆ ಕಣ್ಣು ಹೋಗಿ ಎರಡು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಮೊದಲು ಅಕ್ಷರಗಳನ್ನು ತಿಂದಿತು, ಆಮೇಲೆ ಮುಖಗಳನ್ನು, ಕೊನೆಗೆ ಕಿಟಕಿಯ ಬೆಳಕನ್ನೂ. ಆದರೂ ಮಹಡಿಯ ಮೇಲಿನ ನಮ್ಮ ಪುಟ್ಟ ಮನೆಯಲ್ಲಿ ಅವಳು ಹಗಲು ಹೊತ್ತು ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ, ರಾತ್ರಿ ಮಾತ್ರ ಪಕ್ಕದಲ್ಲಿ ಮಲಗುವ ಅಮ್ಮ ಬಚ್ಚಲಿಗೆ ಒಯ್ಯುತ್ತಿದ್ದಳು. ಕೋಣೆಯಿಂದ ಹೊರಬಂದು ಎಡಕ್ಕೆ ಆರು ಹೆಜ್ಜೆ ಇಟ್ಟರೆ ಬಚ್ಚಲು. ಬಲಕ್ಕೆ ಆರು ಹೆಜ್ಜೆ ಇಟ್ಟರೆ ಕೆಳಗಿಳಿಯುವ ಮೆಟ್ಟಿಲು, ಅದರ ತಲೆಯ ಹತ್ತಿರವೇ ನನ್ನ ಮೇಜು. ಮೆಟ್ಟಿಲಿಗೆ ಅಡ್ಡಲಾಗಿ ಒಂದು ಪುಟ್ಟ ಗೇಟು ಹಾಕಿಸೋಣ ಎಂದಾಗ ಅಜ್ಜಿ ಎರಡು ಹೊತ್ತು ಊಟ ಬಿಟ್ಟಿದ್ದಳು. "ನಾನೇನು ದನವಾ, ದೊಡ್ಡಿಗೆ ಹಾಕೋಕೆ?" ಅವಳು ಗೋಡೆ ಸವರಿಕೊಂಡು ನಡೆಯುತ್ತಾಳೆ, ಬೆರಳಿಗೇ ಕಣ್ಣು ಬಂದಿದೆ ಎಂದು ನಾವು ನಂಬಿದ್ದೆವು. ಚಿಕ್ಕಂದಿನಲ್ಲಿ ಅವಳು ಹೇಳಿದ ಕಥೆಗಳಲ್ಲಿ ಅಂಥ ಮುದುಕಿಯರು ಎಷ್ಟೋ ಮಂದಿ ಇದ್ದರು. ಹಾಗಾಗಿ ನನಗೆ ಅದರಲ್ಲಿ ಸೋಜಿಗವೇ ಕಂಡಿರಲಿಲ್ಲ.

ತೊಂದರೆ ಇದ್ದದ್ದು ಅವಳ ನಿದ್ದೆಯದು. ರಾತ್ರಿಯೆಲ್ಲ ಕಾಲು ಉರಿಯುತ್ತಿತ್ತು. ಮಧ್ಯಾಹ್ನ ಮಲಗಲು ಗೊರಕೆರಾಯ ಬಿಡುತ್ತಿರಲಿಲ್ಲ. ರಕ್ತದೊತ್ತಡ ಏರಿತು. ನಿದ್ದೆ ಬರದಿದ್ದರೆ ಮಾತ್ರೆ ನುಂಗಿ ಏನೂ ಫಲವಿಲ್ಲ ಎಂದರು ಡಾಕ್ಟರು. ಅಜ್ಜಿ ಈ ಮಾತನ್ನು ಇದ್ದಂತೆ ದೊಡ್ಡಪ್ಪನ ಕಿವಿಗೆ ಹಾಕಿದಳು, ಒಂದಿಷ್ಟು ಒಗ್ಗರಣೆ ಸೇರಿಸಿ.

ದೊಡ್ಡಪ್ಪ ಜಮೀನು ಅಳೆಯುವ ಸರ್ವೇಯರ್. ಮಾತನ್ನೂ ಅಳೆದೇ ಆಡುವವರು. ಭಾನುವಾರ ಬಂದವರು ಕೂರಲೂ ಇಲ್ಲ.

"ವಯಸ್ಸಾದವರ ಆರೈಕೆ ಮನೆಯಲ್ಲಿ ಒಂದು ಹಾಸಿಗೆ ಖಾಲಿಯಾಗಿದೆ. ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು."

"ನಾನಿದ್ದೀನಲ್ಲ ದೊಡ್ಡಪ್ಪ, ಅಜ್ಜಿ ಜೊತೆ."

"ನೀನಿದ್ರೆ ನಿನ್ನ ಮಿಷನ್ನೂ ಇರತ್ತೆ. ಮಿಷನ್ ಇದ್ರೆ ನಮ್ಮಮ್ಮಂಗೆ ನಿದ್ದೆಯಿಲ್ಲ. ನೀನು ಲ್ಯಾಬಿಗೆ ಹೋಗಿ ಕೂತ್ರೆ ಹಗಲು ಅವಳನ್ನ ನೋಡೋರಿಲ್ಲ. ಇನ್ನೊಂದು ದಾರಿ ಇದ್ರೆ ನೀನೇ ಹೇಳು."

ನಾನು ಅಮ್ಮನ ಮುಖ ನೋಡಿದೆ. ಅಮ್ಮ ನೆಲ ನೋಡಿದಳು. ಒಳಗಿನಿಂದ ಅಜ್ಜಿ ಕೂಗಿದಳು: "ನನ್ನ ಎಲ್ಲಿಗೆ ಸಾಗಿಸ್ತಿದ್ದೀರೋ? ನಾನು ಸದ್ದು ಜಾಸ್ತಿ ಅಂದೆ, ಮನೆ ಬಿಡ್ತೀನಿ ಅಂದ್ನಾ?"

"ಸದ್ದು ನಿಲ್ಲಿಸ್ತೀನಿ ದೊಡ್ಡಪ್ಪ," ಎಂದೆ. "ತಿಂಗಳ ಕೊನೆಯೊಳಗೆ."

ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ. ಏಳು ಸಮುದ್ರದಾಚೆ ಯಾವ ಗಿಳಿಯ ಗಂಟಲಲ್ಲಿ ರಾಕ್ಷಸನ ಪ್ರಾಣವಿದೆ ಎಂದು ಹುಡುಕುವವಳ ಹಾಗೆ, ಕಂಪ್ಯೂಟರಿನ ಡಬ್ಬಿಯ ಪಕ್ಕದ ತಗಡು ಬಿಚ್ಚಿ, ಒಂದೊಂದೇ ಫ್ಯಾನನ್ನು ರಟ್ಟಿನ ತುಂಡಿನಿಂದ ಕ್ಷಣಕಾಲ ತಡೆದು ಕಿವಿಗೊಟ್ಟೆ. ಪ್ರಾಣ ಇದ್ದದ್ದು ಗ್ರಾಫಿಕ್ಸ್ ಕಾರ್ಡಿನಲ್ಲೇ. ಉಳಿದ ಫ್ಯಾನುಗಳದ್ದು ಬರಿಯ ಪಿಸುಮಾತು.

ಕಂಪ್ಯೂಟರ್ ರಿಪೇರಿ ಅಂಗಡಿಯವನನ್ನು ಎಲ್ಲರೂ ಮೌನಿ ಎನ್ನುತ್ತಿದ್ದರು, ಬಾಯಿ ಮುಚ್ಚಿದ್ದನ್ನು ಯಾರೂ ಕಾಣದ ಕಾರಣಕ್ಕೆ. ನನ್ನ ಹಳೆಯ ಕಾರ್ಡನ್ನು ಕೈಯಲ್ಲಿ ಹಿಡಿದು ತೂಗಿದ.

"ಇದು ಇನ್ನೂರೈವತ್ತು ವ್ಯಾಟ್ ಕುಡಿಯತ್ತಮ್ಮಾ. ಕುಡುಕರು ಸುಮ್ನೆ ಇರ್ತಾರಾ? ಕೂಗಾಡೇ ಕೂಗಾಡ್ತಾರೆ. ನೀನು ಕಡಿಮೆ ಕುಡಿಯೋದನ್ನ ತಗೋ. ಕಡಿಮೆ ಕುಡಿದ್ರೆ ಬಿಸಿ ಕಡಿಮೆ, ಬಿಸಿ ಕಡಿಮೆಯಾದ್ರೆ ಗಾಳಿ ಬೇಡ, ಗಾಳಿ ಬೇಡ ಅಂದ್ಮೇಲೆ ಸದ್ದೆಲ್ಲಿಂದ ಬರತ್ತೆ?"

ಅವನು ಎರಡು ಕಾರ್ಡುಗಳನ್ನು ಮುಂದಿಟ್ಟ. ಒಂದಕ್ಕೆ ಪುಟ್ಟ ಫ್ಯಾನು, ಹಗುರ ಕೆಲಸದಲ್ಲಿ ಅದು ನಿಂತೇ ಇರುತ್ತದೆ, ದೊಡ್ಡ ಲೆಕ್ಕ ಹಿಡಿದಾಗ ಮಾತ್ರ ತಿರುಗುತ್ತದೆ. ಇನ್ನೊಂದಕ್ಕೆ ಫ್ಯಾನೇ ಇಲ್ಲ. ಬಾಚಣಿಗೆಯ ಹಲ್ಲಿನಂಥ ಅಲ್ಯೂಮಿನಿಯಮ್ ಪಟ್ಟಿಗಳ ದಪ್ಪ ಗಂಟು, ಅಷ್ಟೆ. ಎಪ್ಪತ್ತು ವ್ಯಾಟಿನೊಳಗೇ ಮುಗಿಯುತ್ತದೆ, ಬೇರೆ ಕರೆಂಟು ವೈರೂ ಬೇಡ, ಕೂರುವ ಸ್ಲಾಟಿನಿಂದಲೇ ಎಳೆದುಕೊಳ್ಳುತ್ತದೆ. ಆದರೆ ಐದು ಹಲ್ಲುಗಳನ್ನು ಒಟ್ಟಿಗೆ ಜೋಡಿಸುವ ಸೇತುವೆಗೆ ಹಳೆಯ ಕಾರ್ಡಿನಲ್ಲಿ ನಾಲ್ಕು ನಿಮಿಷ ಹಿಡಿಯುತ್ತಿದ್ದ ಲೆಕ್ಕಕ್ಕೆ ಇದರಲ್ಲಿ ಹದಿನೈದು ನಿಮಿಷ.

"ನನ್ನ ಕೇಳಿದ್ರೆ ಫ್ಯಾನಿಂದೇ ತಗೋ. ಚೂರು ಸದ್ದು, ಚೂರು ವೇಗ. ಸಂಸಾರ ಅಂದ್ರೆ ಅಷ್ಟೇ ಅಲ್ವಾ?"

ನಾನು ಒಪ್ಪಲಿಲ್ಲ. ಚೂರು ಸದ್ದು ಎಷ್ಟು ಎಂದು ದೊಡ್ಡಪ್ಪ ಟೇಪು ಹಿಡಿದು ಅಳೆದರೆ? ಹತ್ತು ದಿನ ಓದಿ, ವ್ಯಾಟು, ಡೆಸಿಬಲ್ಲು, ಡಿಗ್ರಿಗಳನ್ನೆಲ್ಲ ಉದ್ದುದ್ದ ಬರೆದಿಟ್ಟುಕೊಂಡು, ಕೊನೆಗೆ ಫ್ಯಾನಿಲ್ಲದ ಕಾರ್ಡನ್ನೇ ತಂದೆ. ಮೌನಿ ಹಳೆಯ ಕಾರ್ಡನ್ನು ಬದಲಿಗೆ ಇಟ್ಟುಕೊಂಡ. ಶುಕ್ರವಾರ ಸಂಜೆ ಕೂರಿಸಿ ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು. ಅಷ್ಟೆ.

"ಯಾಕೇ, ಕೆಟ್ಟು ಹೋಯ್ತಾ?" ಎಂದಳು ಅಜ್ಜಿ.

"ಇಲ್ಲಜ್ಜಿ. ಓಡ್ತಾ ಇದೆ."

"ಸುಳ್ಳಿ!" ಅವಳು ನನ್ನ ಕೈ ಹಿಡಿದು ಮೇಜಿನವರೆಗೆ ಬಂದು ಡಬ್ಬಿಗೆ ಕಿವಿ ಅಂಟಿಸಿದಳು. ಮುಖದ ಸುಕ್ಕುಗಳೆಲ್ಲ ಸಡಿಲವಾದವು. "ಅಬ್ಬಾ. ಸತ್ತ್ಹಂಗೆ ಮಲಗಿದಾನಲ್ಲೇ ನಿನ್ನ ರಾಯ!"

ಶನಿವಾರ ಮಧ್ಯಾಹ್ನ ಅಜ್ಜಿ ಮೂರು ಗಂಟೆ ಮಲಗಿದಳು. ಭಾನುವಾರವೂ ಹಾಗೆಯೇ. ಶನಿವಾರ ರಜೆ ಹಾಕಿದ್ದರಿಂದ ಎರಡು ದಿನವೂ ಅಮ್ಮ ಮನೆಯಲ್ಲಿದ್ದಳು. ನಿದ್ದೆಗಣ್ಣಿನ ಅಜ್ಜಿಯನ್ನು ಮುದ್ದಿನಿಂದ ಕೈಹಿಡಿದು ಬಚ್ಚಲಿಗೆ ಒಯ್ದವಳು ಅವಳೇ. ದೊಡ್ಡಪ್ಪ ಬಂದು ಮೇಜಿನ ಮುಂದೆ ನಿಂತು, ಹಸಿರು ದೀಪ ನೋಡಿ, ಡಬ್ಬಿಯನ್ನು ಬೆರಳಿನಿಂದ ಎರಡು ಸಲ ತಟ್ಟಿದರು. "ಆಗಲಿ, ಆರೈಕೆ ಮನೆಯವರಿಗೆ ಊಹೂಂ ಹೇಳ್ತೀನಿ," ಎಂದರು. ಅಜ್ಜಿ ಒಳಗಿನಿಂದಲೇ, "ನಿನ್ನ ಖಾಲಿ ಹಾಸಿಗೆ ಮೇಲೆ ನೀನೇ ಹೋಗಿ ಮಲಗು," ಎಂದಳು. ನನಗೆ ಗೆದ್ದಷ್ಟು ಸಂತೋಷ.

ಸೋಮವಾರ ಮಧ್ಯಾಹ್ನ ಐದು ಹಲ್ಲಿನ ಸೇತುವೆಯೊಂದನ್ನು ಲೆಕ್ಕಕ್ಕೆ ಹಾಕಿದೆ. ಹದಿನೈದು ನಿಮಿಷ ಕೂತು ಪರದೆ ನೋಡುವುದೇಕೆ ಎಂದು ಅಡುಗೆಮನೆಗೆ ಹೋಗಿ, ಅಜ್ಜಿ ಏಳುವುದರೊಳಗೆ ಹಾಲು ಕಾಯಿಸೋಣವೆಂದು ಒಲೆ ಹಚ್ಚಿದೆ. ಹಳೆಯ ಕಾರ್ಡಾಗಿದ್ದರೆ ನಾಲ್ಕು ನಿಮಿಷಕ್ಕೆ ಮೇಜು ಬಿಡುತ್ತಲೇ ಇರಲಿಲ್ಲ.

ಅಜ್ಜಿ ಕೂಗಲಿಲ್ಲ. ಹಿಟ್ಟಿನ ಮೂಟೆ ಇಳಿಸಿದಂಥ ಸದ್ದು ಮೂರು ಸಲ ಬಂತು. ಪಕ್ಕದ ಮನೆಯವರು ಏನೋ ಸಾಮಾನು ಸಾಗಿಸುತ್ತಿದ್ದಾರೆ ಅಂದುಕೊಂಡೆ. ಹಾಲು ಉಕ್ಕಿ ಬಂತು, ಒಲೆ ಆರಿಸಿದೆ, ಲೋಟಕ್ಕೆ ಬಗ್ಗಿಸಿದೆ. ಲೋಟ ಹಿಡಿದು ಕೋಣೆಗೆ ಹೋದರೆ ಹಾಸಿಗೆ ಖಾಲಿ. ಬಚ್ಚಲ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇಲ್ಲ.

ಅವಳು ಕೆಳಗಿನಿಂದ ಎರಡನೆಯ ಮೆಟ್ಟಿಲ ಮೇಲೆ ತಲೆಕೆಳಗಾಗಿ ಬಿದ್ದಿದ್ದಳು. ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ಬಾಯಿ ತೆರೆದಿತ್ತು, ಉಸಿರು ಇತ್ತು. "ಬಿದ್ದೆ," ಎಂದಳು, ನನಗೆ ಗೊತ್ತಾಗಲಿಲ್ಲವೇನೋ ಎಂಬಂತೆ.

ಸೊಂಟದ ಮೂಳೆ ಮುರಿದಿತ್ತು, ಮಣಿಕಟ್ಟೂ. ಸೊಂಟಕ್ಕೆ ಸಲಾಕೆ ಹಾಕಿ ತಿರುಪು ಬಿಗಿದರು. ನಾಲ್ಕನೆಯ ದಿನ ಅವಳಿಗೆ ನೆಟ್ಟಗೆ ಮಾತು ಬಂದಾಗ, ಹಾಸಿಗೆಯ ಪಕ್ಕ ನಾನೊಬ್ಬಳೇ ಇದ್ದೆ.

"ನೀನು ಆರಿಸಿಬಿಟ್ಟಿದ್ಯಾ ಅದನ್ನ?"

"ಯಾವುದನ್ನ?"

"ನಿನ್ನ ಡಬ್ಬೀನ. ಎದ್ದು ಬಾಗಿಲ ಹತ್ರ ಬಂದೆ. ಗುಂಯ್ ಅಂತಿರಲಿಲ್ಲ. ಎಲ್ಲಾ ಕಡೆ ಒಂದೇ ಥರ. ಯಾವ ಕಡೆ ಬಚ್ಚಲು ಅಂತ್ಲೇ ತಿಳೀಲಿಲ್ಲ ಕಣೇ. ಗೋಡೆ ಎರಡೂ ಕಡೆ ಗೋಡೆನೇ ಅಲ್ವಾ? ಕೈಯಿಟ್ಕೊಂಡು ಬಂದೆ, ಗೋಡೆ ಮುಗೀತು, ಬಚ್ಚಲು ಬಂತು ಅಂತ ಕಾಲಿಟ್ಟೆ."

"ಆ ಸದ್ದು ಕೇಳ್ಕೊಂಡು ನಡೀತಿದ್ಯಾ ನೀನು? ಮತ್ತೆ ಅದನ್ನೇ ಬೈತಿದ್ದೆ! ಮೊದ್ಲೇ ಯಾಕಜ್ಜಿ ಹೇಳ್ಲಿಲ್ಲ?"

"ನಂಗೇ ಗೊತ್ತಿರಲಿಲ್ವೇ. ಗೊತ್ತಿದ್ರೆ ಬೈತಿದ್ನಾ?" ನನ್ನ ಕೈ ಹುಡುಕಿ ಹಿಡಿದು, ದನಿ ಇಳಿಸಿ, "ನಿನ್ನ ದೊಡ್ಡಪ್ಪಂಗೆ ಹೇಳ್ಬೇಡ. ಬಟ್ಟೆ ಕಾಲಿಗೆ ಸಿಕ್ಕಿ ಬಿದ್ದೆ ಅಂತ ಹೇಳಿದೀನಿ," ಎಂದಳು.

ಆ ಮಾತನ್ನು ನಾನು ನಡೆಸಿದ್ದರೆ ಏನಾಗುತ್ತಿತ್ತೋ. ಸಂಜೆ ದೊಡ್ಡಪ್ಪ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, "ಕಾಲಿಗೆ ಸಿಕ್ಕಿದ ಬಟ್ಟೆ ನಾಳೆನೂ ಸಿಕ್ಕತ್ತೆ. ಹಾಸಿಗೆ ಇನ್ನೂ ಖಾಲಿನೇ ಇದೆಯಂತೆ," ಎಂದರು. ಆಗ ನನಗೆ ತಡೆಯಲಾಗಲಿಲ್ಲ. ನಿಜ ಹೇಳಿದರೆ ತಪ್ಪು ಅಜ್ಜಿಯದಲ್ಲ ನನ್ನದು ಎಂದಾಗುತ್ತದೆ, ತಪ್ಪು ನನ್ನದಾದರೆ ಅದನ್ನು ನಾನೇ ಸರಿ ಮಾಡಬಹುದು, ಅಜ್ಜಿ ಮನೆಗೆ ಬರಬಹುದು. ನನ್ನ ಲೆಕ್ಕ ಇಷ್ಟೇ ಇತ್ತು. ಕಾರ್ಡಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಸದ್ದು ಬಲಗಡೆ ಇದ್ದರೆ ಎಡಕ್ಕೆ ಹೋಗುತ್ತಿದ್ದಳು, ಅಷ್ಟೇ, ಮತ್ತೆ ಸದ್ದು ಮಾಡುವ ಏನನ್ನಾದರೂ ಅಲ್ಲಿಡುತ್ತೇನೆ, ಗೇಟೂ ಹಾಕಿಸುತ್ತೇನೆ, ಅವಳು ಊಟ ಬಿಟ್ಟರೂ ಸರಿಯೇ ಎಂದೆ.

ದೊಡ್ಡಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಮ್ಮನ ಕಡೆ ಒಂದು ಸಲ ನೋಡಿ, ಮೆಲ್ಲಗೆ ಕೇಳಿದರು.

"ಇನ್ನೂ ಏನೇನು ಗುರುತು ಹಿಡ್ಕೊಂಡು ನಡೀತಾಳೆ ನಮ್ಮಮ್ಮ?"

"ಅಂದ್ರೆ?"

"ಫ್ರಿಜ್ಜಿನ ಸದ್ದಾ? ನಲ್ಲಿ ತೊಟ್ಟಿಕ್ಕೋದಾ? ಒಲೆ ವಾಸನೇನಾ? ನಾಳೆ ನಿಮ್ಮಮ್ಮ ನಲ್ಲಿ ರಿಪೇರಿ ಮಾಡಿಸಿದ್ರೆ ಅವಳು ಎಲ್ಲಿ ಬೀಳ್ತಾಳೆ? ನಿಂಗೊತ್ತಾ?"

ನನಗೆ ಗೊತ್ತಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ. ಅಜ್ಜಿಗೂ ಗೊತ್ತಿರಲಿಲ್ಲ, ಅದೇ ಅದರ ತೊಡಕು.

"ನಂಗೂ ಗೊತ್ತಿಲ್ಲ ಮಗಳೇ," ಎಂದರು ದೊಡ್ಡಪ್ಪ. ಅವರ ಕಣ್ಣು ಕೆಂಪಾಗಿತ್ತು. "ಇಷ್ಟೂ ಗೊತ್ತಿಲ್ಲದೆ ಅವಳನ್ನ ಆ ಮನೇಲಿ ಹೇಗೆ ಬಿಡೋದು?"

ಅಜ್ಜಿ ಈಗಿರುವ ಆರೈಕೆ ಮನೆ ಅಚ್ಚುಕಟ್ಟಾಗಿದೆ. ನಾನು ಅದನ್ನು ತೆಗಳಲಾರೆ. ಮೆಟ್ಟಿಲಿಲ್ಲ, ನೆಲಕ್ಕೆಲ್ಲ ಮೆತ್ತನೆಯ ರಬ್ಬರು, ಬಾಗಿಲುಗಳು ತಾವಾಗಿಯೇ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತವೆ. ನಾನೀಗ ಲ್ಯಾಬಿನಲ್ಲೇ ಕೂತು ಹಲ್ಲು ಮಾಡುತ್ತೇನೆ, ಬುಧವಾರ ಮತ್ತು ಶನಿವಾರ ಇಲ್ಲಿಗೆ ಬರುತ್ತೇನೆ. ಸೊಂಟ ಕೂಡಿಕೊಂಡಿದೆ, ನಡೆಯಬಹುದು ಎಂದು ಡಾಕ್ಟರು ಹೇಳಿ ಒಂದು ತಿಂಗಳಾಗಿದೆ. ಅಜ್ಜಿ ನಡೆಯುವುದಿಲ್ಲ. "ಎಲ್ಲಿಗೆ ಅಂತ ನಡೀಲಿ? ಎಲ್ಲಾ ಕಡೆ ಹತ್ತಿ ತುಂಬಿದ್ಹಂಗಿದೆ," ಎನ್ನುತ್ತಾಳೆ.

ಕಳೆದ ಶನಿವಾರ ಅವಳೇ ಹೇಳಿದಳು. "ಹೋಗಿ ಬಚ್ಚಲ ಬಾಗಿಲಲ್ಲಿ ನಿಂತ್ಕೊ. ಏನಾದ್ರೂ ಒದರ್ತಾ ಇರು. ಬರ್ತೀನಿ."

ನಾನು ಹೋಗಿ ನಿಂತೆ. ಲ್ಯಾಬಿನ ಕಥೆ ಶುರು ಮಾಡಿದೆ. ಯಾರಿಗೋ ಮಾಡಿದ ದವಡೆಹಲ್ಲು ಇನ್ಯಾರಿಗೋ ಹೋಗಿ ಬಿದ್ದದ್ದು, ಅವರು ಅದನ್ನು ಹಾಕಿಕೊಂಡು ವಾರವಿಡೀ ಉಂಡು, ಆಮೇಲೆ ಬಂದು ಜಗಳವಾಡಿದ್ದು. ಅಜ್ಜಿ ನಡಿಗೆಯ ಚೌಕಟ್ಟು ಹಿಡಿದು ಎದ್ದಳು. ತಲೆಯನ್ನು ಒಂದು ಕಡೆ ವಾಲಿಸಿ, ಒಂದು ಹೆಜ್ಜೆ. ಇನ್ನೊಂದು. "ಉಂಡನಾ ಮುಠ್ಠಾಳ, ಇನ್ನೊಬ್ಬನ ಹಲ್ಲಲ್ಲಿ!" ಎಂದು ನಕ್ಕಳು. ನಾನು ದನಿ ಏರಿಸಿದೆ. ನಾಲ್ಕು ಹೆಜ್ಜೆಯಾಯಿತು. ಐದು.

ಆಯಾ ಬಾಗಿಲಲ್ಲಿ ಬಂದು ತುಟಿಗೆ ಬೆರಳಿಟ್ಟಳು. ಒಳ್ಳೆಯವಳೇ. "ಸ್ವಲ್ಪ ಮೆಲ್ಲಗಮ್ಮಾ. ಪಕ್ಕದ ಕೋಣೆಯೋರು ಈಗಷ್ಟೇ ಮಲಗಿದ್ದಾರೆ. ಅವ್ರಿಗೂ ನಿದ್ದೆ ಬರಲ್ಲ ಪಾಪ."

ನಾನು ದನಿ ಇಳಿಸಿದೆ. ಅಜ್ಜಿ ನಿಂತಳು.

"ಹೋದ್ಯಾ?"

"ಇಲ್ಲೇ ಇದ್ದೀನಿ," ಎಂದು ಪಿಸುಗುಟ್ಟಿದೆ.

ಅವಳು ಮುಖ ತಿರುಗಿಸಿದ್ದು ಕಿಟಕಿಯ ಕಡೆಗೆ. ಚೌಕಟ್ಟನ್ನೂ ಆ ಕಡೆಗೇ ತಿರುಗಿಸತೊಡಗಿದಳು. ನಾನು ಓಡಿ ಹಿಡಿಯುವ ಮೊದಲೇ ಆಯಾ ಗಾಲಿಕುರ್ಚಿ ತಂದು ಹಿಂದಿನಿಂದ ಅವಳನ್ನು ಕೂರಿಸಿಕೊಂಡಿದ್ದಳು. "ಇಷ್ಟು ಕಷ್ಟ ಯಾಕಜ್ಜೀ, ನಾವಿಲ್ವಾ?" ಎನ್ನುತ್ತ ಕುರ್ಚಿ ತಿರುಗಿಸಿದಳು. ರಬ್ಬರು ನೆಲದ ಮೇಲೆ ಗಾಲಿಗಳು ಉರುಳಿದ್ದೂ ಕೇಳಿಸಲಿಲ್ಲ.

ಅಜ್ಜಿ ಕೈಗಳನ್ನು ಮಡಿಲಲ್ಲಿ ಸೇರಿಸಿ ಇಟ್ಟುಕೊಂಡಳು.

"ಯಾವ ಕಡೆಗಮ್ಮಾ ಹೋಗ್ತಿರೋದು?" ಎಂದು ಕೇಳಿದಳು.